ಸಿಗದ ಬಗ್ ಹುಡುಕಲು ಹೊರಗಿನ ತಜ್ಞರಿಗೆ 45 ಸಾವಿರ: ಸರಿಹೋಗುವ ಮೊದಲೇ ದುಡ್ಡು ಕೊಡಬೇಕಾ?

ಹಾಲು_ಲೆಕ್ಕ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಮೂರು ಜನ ಸೇರಿ ಹಳ್ಳಿಗಳ ಹಾಲಿನ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಈಗ 38 ಸಂಘಗಳಲ್ಲಿ ಓಡುತ್ತಿದೆ. ರೈತರು ಹಾಲು ತಂದು ತಕ್ಕಡಿಯ ಮೇಲಿನ ಪಾತ್ರೆಗೆ ಸುರಿಯುತ್ತಾರೆ. ಡೈರಿಯವರು ಅವರ ಕೋಡ್ ನಂಬರ್ ಒತ್ತುತ್ತಾರೆ. ತೂಕ ತಾನಾಗಿ ಕಂಪ್ಯೂಟರ್‌ಗೆ ಬರುತ್ತದೆ, ಫ್ಯಾಟ್ ಮೆಷಿನ್‌ನಿಂದ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರುತ್ತದೆ, ಸ್ಲಿಪ್ ಪ್ರಿಂಟ್ ಆಗುತ್ತದೆ.

ತಿಂಗಳಿಗೆ ಎರಡೋ ಮೂರೋ ಸಲ ಮುಂದೆ ನಿಂತವರ ತೂಕವೇ ಹಿಂದೆ ನಿಂತವರ ಹೆಸರಿಗೂ ಬೀಳುತ್ತಿದೆ. ಕಳೆದ ತಿಂಗಳು ಒಬ್ಬ ಅಜ್ಜಿ 9.8 ಲೀಟರ್ ಹಾಕಿದ್ದರು. ತಕ್ಕಡಿಯ ಕೆಂಪು ಅಂಕಿಯಲ್ಲಿ 9.8 ಅಂತಲೇ ಇತ್ತು. ಸ್ಲಿಪ್‌ನಲ್ಲಿ ಮಾತ್ರ 6.2. ಅವರ ಮುಂದಿನವರು ಹಾಕಿದ್ದು 6.2. ಅಜ್ಜಿಗೆ ಓದಲು ಬರುವುದಿಲ್ಲ, ಜೊತೆಗಿದ್ದ ಮೊಮ್ಮಗ ನೋಡಿ ಹೇಳಿದ. 3.6 ಲೀಟರ್ ಅಂದರೆ ಸುಮಾರು 130 ರೂಪಾಯಿ. ಒಂದು ಹೊತ್ತಿನ ಹಾಲಿಗೆ.

ಈ ಬಗ್ (ಸಾಫ್ಟ್‌ವೇರ್‌ನೊಳಗಿನ ತಪ್ಪು) ಎಲ್ಲಿದೆ ಅಂತ ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇವೆ. ಆಫೀಸಿನಲ್ಲಿ ಒಂದೇ ಒಂದು ಸಲವೂ ಆಗಿಲ್ಲ. ಪರಿಚಯದವರ ಮೂಲಕ ಒಬ್ಬರು ಫ್ರೀಲಾನ್ಸ್ ತಜ್ಞರು ಸಿಕ್ಕಿದ್ದಾರೆ. ಹಾರ್ಡ್‌ವೇರ್ ಜೊತೆ ಮಾತಾಡುವ ಸಾಫ್ಟ್‌ವೇರ್ ಸರಿಮಾಡುವುದೇ ಅವರ ಕೆಲಸ. 45 ಸಾವಿರ ಕೇಳಿದ್ದಾರೆ. ಅರ್ಧ ಮುಂಗಡ. ಬಗ್ ಸಿಗುತ್ತದೆ ಅಂತ ಗ್ಯಾರಂಟಿ ಕೊಡುವುದಿಲ್ಲವಂತೆ.

ನನ್ನ ಪಾಲುದಾರ "ಸರಿಹೋದರೆ ದುಡ್ಡು, ಇಲ್ಲದಿದ್ದರೆ ಇಲ್ಲ" ಅಂತ ಹಟ ಹಿಡಿದಿದ್ದಾನೆ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಇಂಥ ಕೆಲಸಕ್ಕೆ ದುಡ್ಡು ಕೊಟ್ಟವರು, ತೆಗೆದುಕೊಂಡವರು ಇದ್ದರೆ ಹೇಳಿ.

ಪೇಟೆಬೀದಿ · 9:22

ನಿಮ್ಮ ಪಾಲುದಾರ ಹೇಳಿದ್ದೇ ಸರಿ. ಕೆಲಸ ಆಗದೆ ದುಡ್ಡು ಯಾಕೆ ಕೊಡಬೇಕು? ಅಂಗಡಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟರೆ ಸರಿಯಾಗದ ಮಿಕ್ಸಿಗೆ ಯಾರೂ ಬಿಲ್ ಹಾಕುವುದಿಲ್ಲ.

ಬಯಲುಸೀಮೆ · 9:31

ಇದು ಮಿಕ್ಸಿ ಅಲ್ಲ, ಬೋರ್‌ವೆಲ್. ಬೋರ್ ಲಾರಿಯವರಿಗೆ ಅಡಿ ಲೆಕ್ಕದಲ್ಲಿ ಕೊಡುತ್ತೇವೆ. ನೀರು ಬಿದ್ದರೂ ಅಷ್ಟೇ, ಬರೀ ಧೂಳು ಬಂದರೂ ಅಷ್ಟೇ. ನೆಲದ ಕೆಳಗೆ ಏನಿದೆ ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈ ಬಗ್ ಕೂಡ ಹಾಗೇ ಅಲ್ವಾ? ಎಲ್ಲಿದೆ ಅಂತ ಗೊತ್ತಿದ್ದರೆ ನೀವೇ ತೆಗೆಯುತ್ತಿದ್ದಿರಿ.

ಪೇಟೆಬೀದಿ · 9:36

ಅದಕ್ಕೇ ನಮ್ಮ ಕಡೆ ಎಷ್ಟೋ ಜನ ನಾಲ್ಕು ಬೋರ್ ಹಾಕಿಸಿ ಸಾಲ ಮಾಡಿಕೊಂಡಿದ್ದಾರೆ. ಆ ಪದ್ಧತಿಯನ್ನು ಇಲ್ಲಿಗೂ ತರಬೇಕಾ?

ಕಡಲ_ತಡಿ · 9:40

ಬೋರ್ ಪಾಯಿಂಟ್ ನೋಡುವವರಿಗೆ ಏನು ಕೊಡುತ್ತೀರಿ ಮಾರಾಯ್ರೆ? ನಮ್ಮಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ನೀರು ಅಂತ. ನನ್ನ ಮಾವನವರು ಎರಡು ಸಲ ನಂಬಿದರು. ಒಂದು ಕಡೆ ನೀರು ಬಂತು, ಒಂದು ಕಡೆ ಬರಲಿಲ್ಲ.

ಬಯಲುಸೀಮೆ · 9:44

ಕಾಯಿ ನಂಬಬೇಡಿ. ಭೂವಿಜ್ಞಾನಿಗಳನ್ನು ಕರೆಸಿ. ಅವರು ನೆಲಕ್ಕೆ ಕರೆಂಟ್ ಹರಿಸಿ, ಯಾವ ಪದರ ಎಷ್ಟು ತಡೆಯುತ್ತದೆ ಅಂತ ಅಳೆದು ಹೇಳುತ್ತಾರೆ. ಅದಕ್ಕೆ ಬೇರೆ ಫೀಸು. ಕೊರೆಯುವುದಕ್ಕೆ ಬೇರೆ ದುಡ್ಡು.

ಕೋಡ್_ಕಮ್ಮಾರ · 10:15

ಬಯಲುಸೀಮೆ ಅವರ ಕೊನೆಯ ಮಾತಿನಲ್ಲೇ ಉತ್ತರ ಇದೆ. ನಾನು 11 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಷ್ಟದ ಬಗ್‌ನಲ್ಲಿ ಎರಡು ಕೆಲಸ ಇವೆ. ಒಂದು, ಅದು ಯಾಕೆ ಆಗುತ್ತಿದೆ ಅಂತ ಪತ್ತೆ ಹಚ್ಚುವುದು. ಇನ್ನೊಂದು, ಸರಿಮಾಡುವುದು. ಸಮಯ ತಿನ್ನುವುದು ಮೊದಲನೆಯದು. ಎರಡನೆಯದು ಎಷ್ಟೋ ಸಲ ಹತ್ತು ನಿಮಿಷದ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಾರ್ಖಾನೆಯಲ್ಲಿ ಒಂದು ಪುಟ್ಟ ಕಂಟ್ರೋಲರ್ ಆಗಾಗ ನಿಂತುಹೋಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿ. ವೈರಿಂಗ್ ಬದಲಾಯಿಸಿದರು, ಯುಪಿಎಸ್ ಬದಲಾಯಿಸಿದರು, ಏನೂ ಆಗಲಿಲ್ಲ. ನಾನು ಹೋಗಿ ಮೊದಲು ಕೇಳಿದ್ದು ರಿಜಿಸ್ಟರ್ ಪುಸ್ತಕ. ಅಲ್ಲಿ ಕೆಲಸದವರು ಕೈಯಲ್ಲಿ ಬರೆದಿಟ್ಟಿದ್ದ ತಾರೀಕುಗಳನ್ನು ಜೋಡಿಸಿದೆ. ಪ್ರತಿ ಸಲವೂ ಹಿಂದಿನ ಆನ್ ಆದ ಮೇಲೆ 25ನೇ ದಿನ ನಿಂತಿತ್ತು. ಆಗ ಹೊಳೆಯಿತು. 32 ಬಿಟ್‌ನ, ಪ್ಲಸ್ ಮೈನಸ್ ಚಿಹ್ನೆ ಇರುವ ಸಂಖ್ಯೆಯಲ್ಲಿ ಮಿಲಿಸೆಕೆಂಡ್ ಎಣಿಸುತ್ತಾ ಹೋದರೆ 2,14,74,83,647ಕ್ಕೆ ಜಾಗ ಮುಗಿಯುತ್ತದೆ. ಅದು 24 ದಿನ, 20 ಗಂಟೆ, 31 ನಿಮಿಷ. ಆಮೇಲೆ ಸಂಖ್ಯೆ ಮೈನಸ್‌ಗೆ ತಿರುಗುತ್ತದೆ. ಬೋಯಿಂಗ್ 787 ವಿಮಾನದಲ್ಲೂ ಇದೇ ಜಾತಿಯ ತಪ್ಪು ಇತ್ತು. ಅಲ್ಲಿ 248 ದಿನ ನಿಲ್ಲಿಸದೆ ಓಡಿದರೆ ಜನರೇಟರ್ ಕಂಟ್ರೋಲ್ ನಿಂತುಹೋಗಬಹುದು ಅಂತ 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆದೇಶ ಹೊರಡಿಸಿತ್ತು.

ನಾನು ಬದಲಾಯಿಸಿದ್ದು ಒಂದು ಸಾಲು. ಹುಡುಕಲು ತೆಗೆದುಕೊಂಡದ್ದು 6 ದಿನ. ಒಂದು ಸಾಲಿಗೆ ಅಷ್ಟು ದುಡ್ಡಾ ಅಂತ ಮ್ಯಾನೇಜರ್ ಕೇಳಿದರು. ಆ 6 ದಿನ ನನ್ನ ಪಕ್ಕದಲ್ಲೇ ಕೂತಿದ್ದ ಸೂಪರ್‌ವೈಸರ್ ನನ್ನ ಪರವಾಗಿ ಮಾತಾಡಿದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಈಗ ಎರಡು ಬಿಲ್ ಮಾಡುತ್ತೇನೆ. ಪತ್ತೆಗೆ ಒಂದು ಮೊತ್ತ, ಅದು ಸಿಕ್ಕರೂ ಸಿಗದಿದ್ದರೂ ಕೊಡಬೇಕು. ಸರಿಮಾಡುವುದಕ್ಕೆ ಇನ್ನೊಂದು, ಅದು ಸರಿಯಾದರೆ ಮಾತ್ರ. ನಿಮ್ಮವರ ಹತ್ತಿರ ಹೀಗೆ ಕೇಳಿ ನೋಡಿ.

ಧಾರವಾಡ_ಪೇಡ · 10:32

ಸಿಗದಿದ್ದರೂ ಕೊಡಬೇಕು ಅಂದ್ರ, ಅವರು ಸುಮ್ನೆ ಕೂತು ಎದ್ದು ಹೋದ್ರೆ ಗೊತ್ತಾಗೋದು ಹೆಂಗ್ರೀ?

ಕೋಡ್_ಕಮ್ಮಾರ · 10:41

ಒಳ್ಳೆ ಪ್ರಶ್ನೆ. ಸಿಗದಿದ್ದರೂ ಕಾಗದ ಕೊಡಬೇಕು. ಏನೇನು ಪರೀಕ್ಷೆ ಮಾಡಿದೆ, ಯಾವ ಕಾರಣ ಅಲ್ಲ ಅಂತ ಖಚಿತವಾಯಿತು, ಯಾವ ಜಾಗದಲ್ಲಿ ಲಾಗ್ (ನಡೆದದ್ದನ್ನು ತಾನಾಗಿ ಬರೆದಿಡುವ ದಾಖಲೆ) ಹಾಕಿದ್ದೇನೆ, ಮುಂದಿನ ಸಲ ಆದಾಗ ಏನು ನೋಡಬೇಕು. ಇಷ್ಟು ಬರೆದು ಕೊಡದವರಿಗೆ ಕೊಡಬೇಡಿ. ಈ ಮಾತನ್ನು ಮೊದಲ ದಿನವೇ ಆಡಿಕೊಳ್ಳಿ.

ನೊಂದವಳು_ನಾನು · 10:58

ಮುಂಗಡ ಕೊಡುವ ಮುಂಚೆ ನನ್ನ ಕಥೆ ಕೇಳಿ.

ನಮ್ಮದು ಸಣ್ಣ ಆನ್‌ಲೈನ್ ಸೀರೆ ಅಂಗಡಿ. ದುಡ್ಡು ಕಟ್ಟಾದರೂ ಕೆಲವು ಆರ್ಡರ್ ದಾಖಲಾಗುತ್ತಿರಲಿಲ್ಲ. ಒಬ್ಬರು ಬಂದರು, 30 ಸಾವಿರ ತೆಗೆದುಕೊಂಡರು, ಎರಡು ದಿನದಲ್ಲಿ ಸರಿಯಾಯಿತು ಅಂದರು. ನಿಜಕ್ಕೂ ಎರರ್ ಬರುವುದು ನಿಂತಿತು. ನಮಗೆ ಖುಷಿ. ತಿಂಗಳಾದ ಮೇಲೆ ನೋಡಿದರೆ ಆರ್ಡರ್ ಮೊದಲಿಗಿಂತ ಜಾಸ್ತಿ ಕಳೆದುಹೋಗಿವೆ. ಅವರು ಮಾಡಿದ್ದು ಇಷ್ಟೇ: ಎರರ್ ಬಂದರೆ ಹಿಡಿದು ಬಾಯಿ ಮುಚ್ಚಿಸುವ ಹಾಗೆ ಕೋಡ್ ಬರೆದಿದ್ದರು. ಎರರ್ ಬರುತ್ತಲೇ ಇತ್ತು, ನಮಗೆ ಕಾಣುತ್ತಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ದೀಪಾವಳಿ ಸಮಯ. 17 ಜನ ಗ್ರಾಹಕರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಒಬ್ಬರು ಮಗಳ ಸೀಮಂತಕ್ಕೆ ಅಂತ ಆರ್ಡರ್ ಮಾಡಿದ್ದ ಸೀರೆ ಅದು.

ಕೋಡ್_ಕಮ್ಮಾರ · 11:06

ಮೇಡಂ, ಓದಿ ಬೇಜಾರಾಯಿತು. ಇಂಥವರಿಂದಲೇ ಎಲ್ಲರ ಮೇಲೂ ನಂಬಿಕೆ ಹೋಗುತ್ತದೆ. "ಈಗ ಬರುತ್ತಿಲ್ಲ" ಅನ್ನುವುದು ಉತ್ತರ ಅಲ್ಲ. "ಇದರಿಂದ ಬರುತ್ತಿತ್ತು, ನೋಡಿ, ನಾನೇ ಬರಿಸಿ ತೋರಿಸುತ್ತೇನೆ, ಈಗ ಈ ಬದಲಾವಣೆ ಹಾಕಿದರೆ ಬರುವುದಿಲ್ಲ" ಅಂತ ತೋರಿಸಬೇಕು. ಬರಿಸಿ ತೋರಿಸದ ಬಗ್ಗನ್ನು ಯಾರೂ ಸರಿಮಾಡಿಲ್ಲ.

ಅಕ್ಷರ_ಪ್ರೇಮಿ · 11:15

ಬರಿಸಿ ತೋರಿಸಬೇಕು ಅನ್ನುವುದಕ್ಕೆ ನನ್ನದೂ ಒಂದು ಅನುಭವ. ನಮ್ಮ ಪ್ರಿಂಟರ್ ಬಿಲ್‌ನಲ್ಲಿ ಅರ್ಕಾವತ್ತು ಬೇರೆ ಜಾಗಕ್ಕೆ ಹೋಗುತ್ತಿತ್ತು, ಒತ್ತಕ್ಷರ ಪಕ್ಕದಲ್ಲಿ ಬೀಳುತ್ತಿತ್ತು. ಬಂದವರು ಮೊದಲು ಕೇಳಿದ್ದು "ತಪ್ಪಾಗುವ ಮೂರು ಪದ ಬರೆದುಕೊಡಿ" ಅಂತ. "ಸೂರ್ಯ, ಮಾರ್ಚ್, ಲಕ್ಷ್ಮಿ" ಅಂತ ಕೊಟ್ಟೆ. ಅರ್ಧ ಗಂಟೆಯಲ್ಲಿ ಕಾರಣ ಹೇಳಿದರು. ಈ ಸಣ್ಣ ಥರ್ಮಲ್ ಪ್ರಿಂಟರ್‌ಗಳಿಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲೇ ಜೋಡಿಸಿ, ಚಿತ್ರ ಮಾಡಿ ಕಳಿಸಬೇಕು. 8 ಸಾವಿರ ಕೊಟ್ಟೆ, ಸಂತೋಷದಿಂದ ಕೊಟ್ಟೆ.

ಹಾಲು_ಲೆಕ್ಕ · 11:20

ಅಕ್ಷರ_ಪ್ರೇಮಿ, ನಾವೂ ಚಿತ್ರ ಮಾಡಿಯೇ ಕಳಿಸುತ್ತೇವೆ, ಅದಕ್ಕೇ ಒಂದು ಸ್ಲಿಪ್‌ಗೆ ಒಂದು ಸೆಕೆಂಡ್ ಹಿಡಿಯುತ್ತದೆ. ಎಲ್ಲರಿಗೂ ಧನ್ಯವಾದ. ನಾಳೆ ಬೆಳಗ್ಗೆ ಪಾಲುದಾರನಿಗೆ ಇದೆಲ್ಲ ಓದಿಸುತ್ತೇನೆ.

ಎಲ್ಲಾ_ಎಐ · 11:34

ಇಷ್ಟೆಲ್ಲ ಯಾಕೆ? ಸಾಫ್ಟ್‌ವೇರ್ ಕೋಡ್ ಪೂರ್ತಿ ಎಐಗೆ ಹಾಕಿ ಕೇಳಿ. ಐದು ನಿಮಿಷದಲ್ಲಿ ಹೇಳುತ್ತದೆ, ಪುಕ್ಕಟೆ.

ಹಾಲು_ಲೆಕ್ಕ · ಸೋಮವಾರ ಬೆಳಗ್ಗೆ 6:50

ಹಾಕಿದ್ದೇವೆ. 14 ಸಲಹೆ ಕೊಟ್ಟಿತು. ಕೆಲವು ನಿಜಕ್ಕೂ ಒಳ್ಳೆಯವು, ಹಾಕಿಕೊಂಡೆವು. ಬಗ್ ಹೋಗಲಿಲ್ಲ. ಡೈರಿಯ ಮೇಜಿನ ಮೇಲೆ ಬೆಳಗ್ಗೆ ಆರು ಗಂಟೆಗೆ ಏನು ನಡೆಯುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಗೊತ್ತಿಲ್ಲ.

ಹಾಸನದ_ಮಗಳು · 7:25

ನನಗೆ ಗೊತ್ತು. ನನ್ನಮ್ಮ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾರೆ, ನಾನು ಅದೇ ದುಡ್ಡಲ್ಲಿ ಓದಿದವಳು.

ಸಾಲು ಇರುತ್ತದೆ. ಎಲ್ಲರಿಗೂ ಅವಸರ. ಮಕ್ಕಳ ಸ್ಕೂಲ್ ಬಸ್ಸು, ತೋಟದ ಕೆಲಸ. ಡೈರಿಯವರಿಗೆ ಎಲ್ಲರ ಕೋಡ್ ಬಾಯಿಪಾಠ. ಮುಖ ನೋಡಿದ ತಕ್ಷಣ ನಂಬರ್ ಒತ್ತಿಬಿಡುತ್ತಾರೆ, ಇನ್ನೂ ಮುಂದಿನವರ ಸ್ಲಿಪ್ ಹರಿದಿರುವುದಿಲ್ಲ. ಸ್ಲಿಪ್ ಮಡಚಿ ಸೆರಗಿಗೋ ಡಬ್ಬಿಗೋ ಹಾಕಿಕೊಂಡು ಹೋಗುತ್ತಾರೆ. ಬಟವಾಡೆ ದಿನವೇ ಲೆಕ್ಕ ನೋಡುವುದು. ಅಷ್ಟು ಹೊತ್ತಿಗೆ ಯಾವ ದಿನ ಎಷ್ಟು ಹಾಕಿದೆವು ಅಂತ ಯಾರಿಗೆ ನೆನಪಿರುತ್ತದೆ?

ನಿಮಗೆ ತಿಂಗಳಿಗೆ ಮೂರು ಅಂತ ಗೊತ್ತಾಗಿರುವುದು ಜನ ಗಮನಿಸಿದ ಮೂರು ಮಾತ್ರ. ಗಮನಿಸದೆ ಹೋದದ್ದು ಎಷ್ಟೋ. 45 ಸಾವಿರ ಜಾಸ್ತಿ ಅಂತ ಚರ್ಚೆ ಮಾಡುತ್ತಿದ್ದೀರಿ. ಅಷ್ಟರಲ್ಲಿ ಇವತ್ತು ಬೆಳಗ್ಗೆಯೂ ಯಾರದ್ದೋ ಹಾಲು ಕಮ್ಮಿ ಬರೆದಿರಬಹುದು.

ಹಾಲು_ಲೆಕ್ಕ · 7:48

ನೀವು ಹೇಳಿದ್ದು ಸರಿ. ಗಮನಿಸದೆ ಹೋದದ್ದರ ಬಗ್ಗೆ ನಾವು ಯೋಚನೆಯೇ ಮಾಡಿರಲಿಲ್ಲ.

ಸೀರಿಯಲ್_ಪೋರ್ಟ್ · 8:30

ಹಾಸನದ_ಮಗಳು ಅವರು ಹೇಳಿದ ಒಂದು ಮಾತು ನನ್ನ ಕಿವಿಗೆ ಬಿತ್ತು. "ಮುಂದಿನವರ ಸ್ಲಿಪ್ ಹರಿದಿರುವುದಿಲ್ಲ, ಅಷ್ಟರಲ್ಲಿ ನಂಬರ್ ಒತ್ತಿಬಿಡುತ್ತಾರೆ."

ಹಾಲು_ಲೆಕ್ಕ, ಕೆಲವು ಪ್ರಶ್ನೆ. ತಕ್ಕಡಿ ಕೇಳಿದಾಗ ಮಾತ್ರ ತೂಕ ಕಳಿಸುತ್ತದಾ, ಇಲ್ಲ ಸುಮ್ನೆ ಕಳಿಸುತ್ತಲೇ ಇರುತ್ತದಾ? ಸೆಕೆಂಡಿಗೆ ಎಷ್ಟು ಸಲ? ತೂಕ ನಿಂತಿದೆ ಅಂತ ಹೇಗೆ ತೀರ್ಮಾನ ಮಾಡುತ್ತೀರಿ? ತೂಕ ಓದುವ ಕೆಲಸ, ಪ್ರಿಂಟ್ ಮಾಡುವ ಕೆಲಸ ಒಂದೇ ಥ್ರೆಡ್‌ನಲ್ಲಿವೆಯಾ (ಒಂದು ಮುಗಿದ ಮೇಲೆ ಇನ್ನೊಂದು ನಡೆಯುವ ಒಂದೇ ಸಾಲಿನಲ್ಲಿ)?

ಹಾಲು_ಲೆಕ್ಕ · 9:05

ಕಳಿಸುತ್ತಲೇ ಇರುತ್ತದೆ. ಸೆಕೆಂಡಿಗೆ 8 ಸಲ, ಪ್ರತಿ ಸಲ 12 ಅಕ್ಷರ. ಸೊನ್ನೆ ಬಿಟ್ಟು, ಒಂದೇ ತೂಕ ಸತತ ಮೂರು ಸಲ ಬಂದರೆ ನಿಂತಿದೆ ಅಂತ ಲೆಕ್ಕ. ಕೋಡ್ ಒತ್ತಿದ್ದರೆ ಆ ತೂಕ ಆ ಕೋಡ್‌ಗೆ ಸೇರುತ್ತದೆ. ಹೌದು, ಓದುವುದು ಮತ್ತು ಪ್ರಿಂಟ್ ಒಂದೇ ಥ್ರೆಡ್. ಕೋಡ್ ಒತ್ತುವ ಸ್ಕ್ರೀನ್ ಬೇರೆ ಥ್ರೆಡ್. ತಕ್ಕಡಿ ಕಳಿಸಿದ್ದನ್ನು ಓದಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿರುವ ಸೀರಿಯಲ್ ಪೋರ್ಟ್ ಕ್ಲಾಸ್ ಬಳಸಿದ್ದೇವೆ.

ಸೀರಿಯಲ್_ಪೋರ್ಟ್ · 9:40

ಹಾಗಾದರೆ ನನ್ನ ಅನುಮಾನ ಇಲ್ಲಿದೆ.

ಪ್ರಿಂಟ್ ನಡೆಯುತ್ತಿರುವಾಗ ನೀವು ತೂಕ ಓದುವುದಿಲ್ಲ. ಆದರೆ ತಕ್ಕಡಿ ಕಳಿಸುವುದು ನಿಲ್ಲಿಸುವುದಿಲ್ಲ. ಬಂದದ್ದೆಲ್ಲ ಬಫರ್‌ನಲ್ಲಿ (ಓದುವವರೆಗೆ ಮಾಹಿತಿ ಕಾಯುವ ಜಾಗ) ಸಾಲಾಗಿ ಕೂರುತ್ತದೆ. ಡಾಟ್‌ನೆಟ್‌ನಲ್ಲಿ ನೀವು ಬದಲಾಯಿಸದಿದ್ದರೆ ಅದರ ಅಳತೆ 4,096 ಬೈಟ್. ನಿಮ್ಮ ತಕ್ಕಡಿ ಸೆಕೆಂಡಿಗೆ 96 ಬೈಟ್ ಕಳಿಸುತ್ತದೆ. ಅಂದರೆ 42 ಸೆಕೆಂಡಿನ ಹಳೇ ತೂಕ ಅಲ್ಲಿ ಉಳಿಯಬಹುದು. ಮತ್ತೆ ಓದಲು ಶುರು ಮಾಡಿದಾಗ ಮೊದಲು ಸಿಗುವುದು ಎಲ್ಲಕ್ಕಿಂತ ಹಳೆಯದು.

ಮಾಮೂಲಿ ಪ್ರಿಂಟ್ ಒಂದು ಸೆಕೆಂಡ್ ಅಂದಿರಿ, ಅದರಲ್ಲಿ ಯಾರೂ ಮುಂದಿನ ಕೋಡ್ ಒತ್ತುವುದಿಲ್ಲ. ಆದರೆ ಪ್ರಿಂಟರ್ ಎಲ್ಲೋ ತಡ ಮಾಡಿತು ಅಂದುಕೊಳ್ಳಿ. ಪ್ರಿಂಟ್ ಅಲ್ಲೇ ಕಾಯುತ್ತದೆ. ಆ ಹೊತ್ತಿಗೆ ಪಾತ್ರೆಯಲ್ಲಿ ಇನ್ನೂ ಮೊದಲನೆಯವರ ಹಾಲು. ಅವರ 6.2 ಬಫರ್‌ನಲ್ಲಿ ಕೂರುತ್ತದೆ. ಪಾತ್ರೆ ಖಾಲಿ ಮಾಡಿದರು, ಅಜ್ಜಿ ಹಾಲು ಸುರಿದರು, ಅಜ್ಜಿಯ ಕೋಡ್ ಒತ್ತಿದರು. ಈಗ ಪ್ರಿಂಟರ್ ಸರಿಯಾಯಿತು. ಓದುವ ಥ್ರೆಡ್ ಎದ್ದಿತು. ಮೊದಲು ಸಿಕ್ಕಿದ್ದು 6.2, 6.2, 6.2. ಮೂರು ಸಲ ಒಂದೇ. ಕೋಡ್ ಅಜ್ಜಿಯದ್ದು. ದಾಖಲಾಯಿತು.

ಒಬ್ಬರಿಗೆ ಮಾತ್ರ ತಪ್ಪಾಗಿ ಆಮೇಲೆ ತಾನಾಗಿ ಸರಿಯಾಗುವುದು ಯಾಕೆ ಅಂತಲೂ ಇದರಿಂದ ಗೊತ್ತಾಗುತ್ತದೆ. ಉಳಿದ ಹಳೇ ತೂಕ ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗುತ್ತದೆ.

ತಪ್ಪಾದ ದಿನಗಳಲ್ಲಿ ಪ್ರಿಂಟರ್ ಏನು ಮಾಡುತ್ತಿತ್ತು ಅಂತ ವಿಚಾರಿಸಿ.

ಧಾರವಾಡ_ಪೇಡ · 9:52

ಯಪ್ಪಾ. ಮೈ ಜುಮ್ಮಂತು.

ಹಾಲು_ಲೆಕ್ಕ · ಸೋಮವಾರ ಮಧ್ಯಾಹ್ನ 1:15

ಮೂರು ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಒಬ್ಬರಿಗೆ ನೆನಪಿಲ್ಲ. ಇನ್ನಿಬ್ಬರೂ, ನಾನು ಏನೂ ಸುಳಿವು ಕೊಡದೆ ಕೇಳಿದ್ದಕ್ಕೆ, ಒಂದೇ ಉತ್ತರ ಕೊಟ್ಟರು. "ಅವತ್ತು ಪೇಪರ್ ರೋಲ್ ಮುಗಿದಿತ್ತು ಸರ್, ಬದಲಾಯಿಸುತ್ತಿದ್ದೆವು."

ನಾವು ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಪೇಪರ್ ದಂಡ ಅಂತ ಪ್ರಿಂಟರ್ ಆಫ್ ಮಾಡಿಯೇ ಇಡುತ್ತಿದ್ದೆವು. ಆಫ್ ಇದ್ದರೆ ನಮ್ಮ ಸಾಫ್ಟ್‌ವೇರ್ ಪ್ರಿಂಟ್ ಬಿಟ್ಟು ಮುಂದೆ ಹೋಗುತ್ತದೆ. ನಾಲ್ಕು ತಿಂಗಳು.

ಪೇಟೆಬೀದಿ · 1:22

ನೋಡಿ, ಇಲ್ಲೇ ಪುಕ್ಕಟೆ ಸಿಕ್ಕಿತು. 45 ಸಾವಿರ ಉಳಿಯಿತು. ತಜ್ಞರಿಗೆ ಬೇಡ ಅಂತ ಹೇಳಿ.

ಸೀರಿಯಲ್_ಪೋರ್ಟ್ · 1:40

ದಯವಿಟ್ಟು ಹಾಗೆ ಮಾಡಬೇಡಿ. ನಾನು ಹೇಳಿದ್ದು ಅನುಮಾನ. ನಿಮ್ಮ ಕೋಡ್‌ನ ಒಂದು ಸಾಲೂ ನಾನು ನೋಡಿಲ್ಲ. ಮೂರರಲ್ಲಿ ಎರಡಕ್ಕೆ ಹೊಂದುತ್ತದೆ ಅಂದರೆ ಮೂರನೆಯದು ಇನ್ನೊಂದು ಬಗ್ ಆಗಿರಬಹುದು. ಫ್ಯಾಟ್ ಮೆಷಿನ್ ಕೂಡ ಇದೇ ರೀತಿ ಓದುತ್ತಿದ್ದರೆ ಫ್ಯಾಟ್ ಅದಲುಬದಲಾಗಿರುವುದೂ ಸಾಧ್ಯ. ರೇಟು ನಿಂತಿರುವುದೇ ಫ್ಯಾಟ್ ಮೇಲೆ. ಯಾರಾದರೂ ಕೂತು ಪೂರ್ತಿ ನೋಡಲೇಬೇಕು. ನನಗೆ ಕೆಲಸ ಇದೆ, ಬರಲು ಆಗುವುದಿಲ್ಲ. ಅವರು ಬರುತ್ತಾರೆ.

ಪೇಟೆಬೀದಿ · 1:47

ಹಾಗಾದರೆ ದುಡ್ಡು ಕಮ್ಮಿ ಮಾಡಿಕೊಳ್ಳಲಿ. ಅರ್ಧ ಕೆಲಸ ಆಗಿದೆಯಲ್ಲ.

ಕೋಡ್_ಕಮ್ಮಾರ · 2:10

ಅದು ನ್ಯಾಯವಾದ ಮಾತು, ಕೇಳಬಹುದು. ನಾನಾಗಿದ್ದರೆ ಖಂಡಿತ ಕಮ್ಮಿ ಮಾಡುತ್ತಿದ್ದೆ. ಸುಳಿವು ಕೊಟ್ಟವರಿಗೆ ಬಿಲ್ ಹಗುರ ಮಾಡಿಕೊಡುವುದು ಸರಿಯೇ.

ಆದರೆ ಸುಳಿವನ್ನು ಮುಚ್ಚಿಡಬೇಡಿ. "ಅವರೇ ಕಂಡುಹಿಡಿಯುತ್ತಾರಾ ನೋಡೋಣ" ಅಂತ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಡಾಕ್ಟರ ಹತ್ತಿರ ಹೋಗಿ ಎಲ್ಲಿ ನೋವು ಅಂತ ಹೇಳದೆ ಕೂತ ಹಾಗೆ ಆಗುತ್ತದೆ.

ಕಡಲ_ತಡಿ · 2:25

ಸಣ್ಣ ಸುಳಿವು ಎಷ್ಟು ದೊಡ್ಡದು ಅನ್ನುವುದಕ್ಕೆ 2024ರ ಎಕ್ಸ್‌ಝಡ್ (ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್) ಪ್ರಕರಣ ನೆನಪಾಯಿತು. ಆಂಡ್ರೆಸ್ ಫ್ರಾಯ್ಂಡ್ ಅಂತ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ದೂರದ ಕಂಪ್ಯೂಟರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಅಗೆಯುತ್ತಾ ಹೋದರು. ಕೊನೆಗೆ ಸಿಕ್ಕಿದ್ದು ಎಷ್ಟೋ ಲಿನಕ್ಸ್ ಸರ್ವರ್‌ಗಳಿಗೆ ಹೋಗಲು ತಯಾರಾಗಿದ್ದ ಹಿಂಬಾಗಿಲು, ಅಂದರೆ ಕಳ್ಳದಾರಿ. ಅರ್ಧ ಸೆಕೆಂಡ್ ಮಾರಾಯ್ರೆ!

ಧಾರವಾಡ_ಪೇಡ · 2:31

ಅವರಿಗೆ ಯಾರು ದುಡ್ಡು ಕೊಟ್ರು?

ಕಡಲ_ತಡಿ · 2:38

ಅವರು ಮೈಕ್ರೋಸಾಫ್ಟ್ ನೌಕರರು, ಸಂಬಳ ಇತ್ತು. ಆದರೆ ಈ ಹುಡುಕಾಟ ಯಾರೂ ಒಪ್ಪಿಸಿದ್ದಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಮಾತ್ರ ತಮ್ಮ ಪುಸ್ತಕದ ತಪ್ಪು ತೋರಿಸಿದವರಿಗೆ 2.56 ಡಾಲರ್ ಚೆಕ್ ಬರೆದುಕೊಡುತ್ತಿದ್ದರು. ಜನ ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ತೆರಿಗೆ_ಲೆಕ್ಕಿಗ · 3:30

ಒಪ್ಪಂದ ಬರೆಯುವ ಮೊದಲು ನನ್ನ ಕಡೆಯಿಂದ ನಾಲ್ಕು ಮಾತು. ಇಲ್ಲಿ ಯಾರೂ ಎತ್ತಲಿಲ್ಲ.

ನಿಮ್ಮ ಪಾಲುದಾರಿಕೆ ಫರ್ಮ್ ಆದರೆ, ವೃತ್ತಿಪರ ಶುಲ್ಕ ಒಬ್ಬರಿಗೆ ವರ್ಷಕ್ಕೆ 50 ಸಾವಿರ ದಾಟಿದರೆ ಶೇ. 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯಬೇಕು. ಮೊದಲು ಮಿತಿ 30 ಸಾವಿರ ಇತ್ತು, 2025ರ ಏಪ್ರಿಲ್‌ನಿಂದ 50 ಆಯಿತು. ನಿಮ್ಮ 45ಕ್ಕೆ ಬೇಕಾಗುವುದಿಲ್ಲ. ಇದೇ ವರ್ಷ ಅವರನ್ನು ಮತ್ತೆ ಕರೆಸಿ ಒಟ್ಟು 50 ದಾಟಿದರೆ ಬೇಕು.

ಎರಡನೆಯದು ತುಂಬಾ ಮುಖ್ಯ. ನೌಕರ ಬರೆದ ಕೋಡ್ ಬೇರೆ ಮಾತು ಇಲ್ಲದಿದ್ದರೆ ಮಾಲೀಕರದ್ದು. ಫ್ರೀಲಾನ್ಸರ್ ಬರೆದ ಕೋಡ್ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದರ ಹಕ್ಕು ಬರೆದವರದ್ದೇ. ಅವರು ಸಹಿ ಹಾಕಿ ಬರಹದಲ್ಲಿ ವರ್ಗಾಯಿಸಬೇಕು. ಎಷ್ಟು ಕಾಲಕ್ಕೆ ಅಂತಲೂ ಬರೆಸಿ. ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. "ದುಡ್ಡು ಕೊಟ್ಟಿದ್ದೇವೆ, ನಮ್ಮದೇ" ಅಂದುಕೊಂಡು ಆಮೇಲೆ ಪೇಚಾಡುವವರನ್ನು ತುಂಬಾ ನೋಡಿದ್ದೇನೆ.

ಇನ್ನೊಂದು ಮಾತು ಕೋಡ್_ಕಮ್ಮಾರ ಅಂಥವರಿಗೆ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮ ಬಿಲ್ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಕೊನೆಯದು. ರೈತರ ಬ್ಯಾಂಕ್ ಖಾತೆ, ಆಧಾರ್ ಇರುವ ಡೇಟಾಬೇಸನ್ನು ಹಾಗೇ ಅವರ ಕೈಗೆ ಕೊಡಬೇಡಿ. ಹೆಸರು, ನಂಬರ್ ಬದಲಾಯಿಸಿದ ಪ್ರತಿ ಕೊಡಿ. ತೂಕದ ಬಗ್ ಹುಡುಕಲು ಯಾರ ಆಧಾರ್ ನಂಬರೂ ಬೇಕಾಗಿಲ್ಲ.

ಕೋಡ್_ಕಮ್ಮಾರ · 3:52

ಉದ್ಯಮ್ ವಿಷಯ ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳಿಂದ ಬಾಕಿ ಇರುವ ಒಂದು ಬಿಲ್ ಇದೆ. ಈಗಲೇ ನೋಂದಣಿ ಮಾಡಿಸಿದರೆ ಅದಕ್ಕೂ ಅನ್ವಯಿಸುತ್ತದಾ?

ತೆರಿಗೆ_ಲೆಕ್ಕಿಗ · 4:05

ಕೆಲಸ ಆದ ಮೇಲೆ ಮಾಡಿಸಿದ ನೋಂದಣಿಯಿಂದ ಹಳೇ ಬಿಲ್‌ಗೆ ಉಪಯೋಗ ಆಗುವುದು ಕಷ್ಟ. ಮುಂದಿನವಕ್ಕಾದರೂ ಇರಲಿ, ಇವತ್ತೇ ಮಾಡಿಸಿ. ಪುಕ್ಕಟೆ.

ನೊಂದವಳು_ನಾನು · 5:20

ಇಷ್ಟು ವಿಷಯ ಎರಡು ವರ್ಷದ ಹಿಂದೆ ನನಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಕೋಡ್_ಕಮ್ಮಾರ ಅವರೇ, ನಮ್ಮ ಆರ್ಡರ್ ಸಮಸ್ಯೆ ಇನ್ನೂ ಪೂರ್ತಿ ಹೋಗಿಲ್ಲ. ನೋಡಿಕೊಡುತ್ತೀರಾ?

ಕೋಡ್_ಕಮ್ಮಾರ · 5:31

ಖಂಡಿತ ಮೇಡಂ. ಮೊದಲು ಕಳೆದುಹೋದ ಐದು ಆರ್ಡರ್‌ಗಳ ತಾರೀಕು, ಸಮಯ ಬರೆದಿಡಿ. ನಿಮಿಷ ಸಮೇತ. ದುಡ್ಡಿನ ಮಾತು ಅದನ್ನು ನೋಡಿದ ಮೇಲೆ.

ಹಾಲು_ಲೆಕ್ಕ · ಮೂರು ವಾರದ ನಂತರ, ಶನಿವಾರ ರಾತ್ರಿ 8:30

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ.

ಪಾಲುದಾರ ಇದನ್ನೆಲ್ಲ ಓದಿ ಒಪ್ಪಿದ. ಹಾಸನದ_ಮಗಳು ಬರೆದದ್ದನ್ನು ಎರಡು ಸಲ ಓದಿದ. ತಜ್ಞರ ಹತ್ತಿರ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆವು. ಪತ್ತೆಗೆ 18 ಸಾವಿರ, ಸಿಕ್ಕರೂ ಸಿಗದಿದ್ದರೂ. ಸರಿಮಾಡಿ ತೋರಿಸಿದರೆ 14 ಸಾವಿರ. ಅವರೇ ಕಮ್ಮಿ ಮಾಡಿದರು.

ಅವರು ಮೊದಲು ಆಫೀಸಿಗೆ ಬರಲಿಲ್ಲ. ಮೊದಲ ದಿನ ಬೆಳಗ್ಗೆ 5:45ಕ್ಕೆ ನೇರ ಡೈರಿಗೆ ಹೋಗಿ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಯಾರು ಯಾವಾಗ ಯಾವ ಬಟನ್ ಒತ್ತಿದರು ಅಂತ ಬರೆಯುತ್ತಾ ಹೋದರು. ಸಂಜೆ ಆಫೀಸಿನಲ್ಲಿ ಎರಡು ಡಬ್ಬಿ ನೀರು, ತಕ್ಕಡಿ, ಪ್ರಿಂಟರ್ ಜೋಡಿಸಿದರು. ಸ್ಲಿಪ್ ಹೊರಡುವ ಹೊತ್ತಿಗೆ ಪ್ರಿಂಟರ್ ಮುಚ್ಚಳ ತೆಗೆದು, ಡಬ್ಬಿ ಬದಲಾಯಿಸಿ, ಕೋಡ್ ಒತ್ತಿ, ಮುಚ್ಚಳ ಹಾಕಿದರು. ತಪ್ಪು ತೂಕ ಬಂತು. 20 ಸಲ ಮಾಡಿದರು, 20 ಸಲವೂ ಬಂತು. ನಾಲ್ಕು ತಿಂಗಳು ಕಾಣದ್ದು ಕಣ್ಣೆದುರು. ನಾವು ಮೂವರೂ ಎದ್ದು ನಿಂತುಬಿಟ್ಟಿದ್ದೆವು.

ಸೀರಿಯಲ್_ಪೋರ್ಟ್ ಅವರೇ, ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಮೂರನೆಯದನ್ನು ಬೇರೆಯಾಗಿ ನೋಡಬೇಕು ಅಂದದ್ದೂ ಸರಿ. ಅಲ್ಲಿ ರೋಲ್ ಮುಗಿದಿರಲಿಲ್ಲ. ಪ್ರಿಂಟರ್ ಕೇಬಲ್ ಸಡಿಲವಾಗಿತ್ತು. ಫ್ಯಾಟ್ ಮೆಷಿನ್ ಕಡೆಯೂ ನೋಡಿದರು. ಅದು ಕೇಳಿದಾಗ ಮಾತ್ರ ಕಳಿಸುವ ಜಾತಿ, ಅಲ್ಲಿ ತಪ್ಪಿಲ್ಲ.

ಈಗ ಓದುವುದು ಬೇರೆ ಥ್ರೆಡ್, ಪ್ರಿಂಟ್ ಬೇರೆ ಥ್ರೆಡ್. ಕೋಡ್ ಒತ್ತಿದ ಕೂಡಲೇ ಹಳೇ ತೂಕ ಚೆಲ್ಲಿಬಿಡುತ್ತದೆ. ನಡುವೆ ತಕ್ಕಡಿ ಒಮ್ಮೆ ಸೊನ್ನೆಗೆ ಬರದೆ ಆಮೇಲಿನವರ ತೂಕ ತೆಗೆದುಕೊಳ್ಳುವುದೇ ಇಲ್ಲ. ಮತ್ತೆ 50 ಸಲ ಮುಚ್ಚಳ ತೆಗೆದು ಹಾಕಿದೆವು. ಒಂದೂ ತಪ್ಪಿಲ್ಲ. ಎರಡು ಪುಟದ ವರದಿ ಬರೆದುಕೊಟ್ಟರು, ಹಕ್ಕು ವರ್ಗಾವಣೆ ಪತ್ರಕ್ಕೂ ಸಹಿ ಹಾಕಿದರು. ಅವತ್ತೇ ಪೂರ್ತಿ ದುಡ್ಡು ಕಳಿಸಿದೆವು.

ಪೇಟೆಬೀದಿ · 8:44

32 ಸಾವಿರಕ್ಕೆ ಇಷ್ಟು ಕೆಲಸ ಅಂದರೆ ಕೊಟ್ಟದ್ದು ಜಾಸ್ತಿ ಅಲ್ಲ. ಡೈರಿಯಲ್ಲೇ ಹೋಗಿ ಕೂರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಮುಂಗಡದ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಹಾಸನದ_ಮಗಳು · 8:51

ಹಳೇ ಲೆಕ್ಕದ ಗತಿ ಏನು? ಅಜ್ಜಿಯ 130 ರೂಪಾಯಿ?

ಹಾಲು_ಲೆಕ್ಕ · 9:03

ಅಜ್ಜಿಗೆ ಹೋದ ಬಟವಾಡೆಯಲ್ಲೇ ಸೇರಿಸಿ ಕೊಟ್ಟಿದ್ದಾರೆ. ಉಳಿದವರಿಗೆ ಹೀಗೆ ಮಾಡುತ್ತಿದ್ದೇವೆ: ಹಿಂದುಮುಂದಿನ ಇಬ್ಬರಿಗೆ ಒಂದೇ ತೂಕ ಬಿದ್ದು, ನಡುವೆ ಪ್ರಿಂಟ್ 5 ಸೆಕೆಂಡ್‌ಗಿಂತ ಜಾಸ್ತಿ ತಡವಾದ ಎಲ್ಲ ದಾಖಲೆ ತೆಗೆದೆವು. ಆರು ತಿಂಗಳಲ್ಲಿ 38 ಸಂಘ ಸೇರಿ 61 ಸಿಕ್ಕಿವೆ. ನಮಗೆ ಗೊತ್ತಿದ್ದದ್ದು 11. ಆ ರೈತರ ಮಾಮೂಲಿ ಹಾಲಿನ ಲೆಕ್ಕ ನೋಡಿ, ಕಮ್ಮಿಯಾಗಿದ್ದರೆ ನಮ್ಮ ಕೈಯಿಂದ ಕೊಡುತ್ತಿದ್ದೇವೆ. ಜಾಸ್ತಿ ಹೋಗಿದ್ದರೆ ಯಾರ ಹತ್ತಿರವೂ ವಾಪಸ್ ಕೇಳುವುದಿಲ್ಲ.

ಹಾಸನದ_ಮಗಳು · 9:06

ಒಳ್ಳೆಯದಾಗಲಿ. ಅಮ್ಮನಿಗೆ ಓದಿ ಹೇಳಿದೆ. ಯಾವ ಸಂಘ ಅಂತ ಕೇಳುತ್ತಿದ್ದಾರೆ.

ಸೀರಿಯಲ್_ಪೋರ್ಟ್ · 9:20

ಹೊಸ ಆವೃತ್ತಿ ಎಲ್ಲ ಕಡೆ ಹಾಕಿದಿರಾ? ಬೇರೆ ಮಾದರಿಯ ತಕ್ಕಡಿ ಇರುವ ಕಡೆ ಸೊನ್ನೆಗೆ ಬರುವ ಷರತ್ತು ಹುಷಾರು. ಖಾಲಿ ಪಾತ್ರೆಯಲ್ಲೂ ಕೆಲವು 0.1 ತೋರಿಸುತ್ತವೆ.

ಹಾಲು_ಲೆಕ್ಕ · 9:28

31 ಸಂಘದಲ್ಲಿ ಆಗಿದೆ. ಉಳಿದ 7 ಕಡೆ ನೀವು ಹೇಳಿದ ಮಾದರಿಯೇ ಇರುವುದು, ಅದಕ್ಕೇ ನಿಲ್ಲಿಸಿದ್ದೆವು. 0.2ಕ್ಕಿಂತ ಕಮ್ಮಿ ಇದ್ದರೆ ಸೊನ್ನೆ ಅಂತ ಹಿಡಿಯೋಣ ಅಂತ ಯೋಚನೆ. ನಾಳೆ ಬೆಳಗ್ಗೆ ಒಂದು ಡೈರಿಯಲ್ಲಿ ನಾನೇ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತೇನೆ.